ಹಲ್ಲು ಕೀಳುವವನನ್ನು ಕೈಬಿಡಬೇಡ

ಪ್ರೀತಿಯ ತಮ್ಮನಿಗೆ,

ಕತೆ ತಲುಪಿತು. ಎರಡು ಸಲ ಓದಿದೆ. ಭಾಷೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ನಿನ್ನ ಜಾತ್ರೆಯ ಬಗ್ಗೆ. ಅಷ್ಟು ದೊಡ್ಡ ಜಾತ್ರೆಯಲ್ಲಿ ಒಬ್ಬನಿಗೂ ಹೊಟ್ಟೆನೋವಿಲ್ಲ, ಸಾಲವಿಲ್ಲ, ಯಾರ ಚಪ್ಪಲಿಯೂ ಕಳೆದಿಲ್ಲ. ಎಲ್ಲರೂ ಮುಗ್ಧರು. ಎಲ್ಲರೂ ತೇರನ್ನೇ ನೋಡುತ್ತಾ ನಿಂತಿದ್ದಾರೆ. ಹಾಗೆಲ್ಲ ಇರುತ್ತಾ?

ಬೈಯುವ ಬದಲು ಒಂದು ಚಿತ್ರದ ವಿಷಯ ಹೇಳುತ್ತೇನೆ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಹುಟ್ಟಿದ ಸೆಬಾಲ್ಡ್ ಬೇಹಮ್ 1535ರಲ್ಲಿ ಮಾಡಿದ್ದು. ‘ದೊಡ್ಡ ಕಿರ್ಮೆಸ್’ ಅನ್ನುತ್ತಾರೆ. ಕಿರ್ಮೆಸ್ ಅಂದರೆ ಊರ ಚರ್ಚ್ ಪ್ರತಿಷ್ಠೆಯಾದ ದಿನದ ಹಬ್ಬ. ನಾಲ್ಕು ಮರದ ಹಲಗೆಗಳಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಚಿತ್ರ ಅದು. ಅಗಲ ಒಂದು ಮೀಟರಿಗಿಂತ ಜಾಸ್ತಿ, ಎತ್ತರ ಒಂದು ಮೊಳವೂ ಇಲ್ಲ. ಹಳ್ಳಿಯ ಚಿತ್ರ ಅಂದರೆ ಎಲ್ಲರೂ ಬ್ರೂಗೆಲ್ ಅನ್ನುವ ಚಿತ್ರಗಾರನ ಹೆಸರು ಹೇಳುತ್ತಾರೆ. ಅವನ ಹೆಸರಾಂತ ರೈತರ ಚಿತ್ರಗಳಿಗಿಂತ ಇದು ಸುಮಾರು ಮೂವತ್ತು ವರ್ಷ ಹಿಂದಿನದು.

ಒಂದು ಕಡೆ ಚರ್ಚ್ ಬಾಗಿಲಲ್ಲಿ ಮದುವೆ. ಹೆಂಡದಂಗಡಿ ಮುಂದೆ ಉದ್ದ ಮೇಜು ಹಾಕಿ ಜನ ಕೂತಿದ್ದಾರೆ. ಆಚೆ ಕುಣಿತ, ಇನ್ನೊಂದು ಕಡೆ ಕತ್ತಿ ಹಿಡಿದು ಹೊಡೆದಾಟ. ನಡುವೆ ನಾಯಕ ಅಂತ ಯಾರೂ ಇಲ್ಲ. ಕಣ್ಣು ಅಲ್ಲಿಂದ ಇಲ್ಲಿಗೆ ಅಲೆಯುತ್ತಲೇ ಇರಬೇಕು, ನಾವೇ ಜಾತ್ರೆಗೆ ಹೋದ ಹಾಗೆ.

ಈ ಗದ್ದಲದಲ್ಲಿ ಒಬ್ಬ ಹಲ್ಲು ಕೀಳುತ್ತಿದ್ದಾನೆ! ನನ್ನ ಕಣ್ಣು ಹೋಗಿ ನಿಲ್ಲುವುದು ಅಲ್ಲೇ. ಮದುವೆ ನಡೆಯುತ್ತಿದೆ, ವಾದ್ಯ ಕೇಳುತ್ತಿದೆ, ಹಲ್ಲು ಕೀಳಿಸಿಕೊಳ್ಳುವವನೊಬ್ಬ ಬಾಯಿ ತೆರೆದು ನರಳುತ್ತಿದ್ದಾನೆ. ಪಕ್ಕದವರಿಗೆ ಅದರ ಗೊಡವೆಯೇ ಇಲ್ಲ. ಹಬ್ಬದಲ್ಲಿ ಹಲ್ಲು ಕೀಳುವವನು ಬೇಹಮ್ ಕಟ್ಟಿದ ಕತೆಯಲ್ಲ. ಜನ ಸೇರುವ ಕಡೆ ಅವನೂ ಬರುತ್ತಿದ್ದ, ನಮ್ಮಲ್ಲಿ ಬಳೆಗಾರ ಬರುವ ಹಾಗೆ. 1523ರಲ್ಲೇ ಲ್ಯೂಕಾಸ್ ವಾನ್ ಲೇಡನ್ ಅನ್ನುವ ಡಚ್ಚರವನು ಇಂಥವನೊಬ್ಬನನ್ನು ಕೆತ್ತಿದ್ದ. ಅದರಲ್ಲಿ ರೋಗಿ ಬಾಯಿ ಬಿಟ್ಟು ನಿಂತಿದ್ದರೆ ಹಿಂದಿನಿಂದ ಹೆಂಗಸೊಬ್ಬಳು ಅವನ ಹಣದ ಚೀಲಕ್ಕೆ ಕೈ ಹಾಕಿದ್ದಾಳೆ.

ಇನ್ನು ಬೇಹಮ್‌ನ ಹಬ್ಬಗಳಲ್ಲಿ ಕುಡಿದು ವಾಂತಿ ಮಾಡುವವನು ಮತ್ತೆ ಮತ್ತೆ ಬರುತ್ತಾನೆ. ಅದನ್ನು ನೋಡಿ ಪಂಡಿತರು ಜಗಳವಾಡುತ್ತಾರೆ. ಪೇಟೆಯವರು ಕೊಂಡು ನಗಲಿ ಅಂತ ಹಳ್ಳಿಯವರನ್ನು ಗೇಲಿ ಮಾಡಿದ್ದಾನೆ ಅಂತ ಕೆಲವರು. ಇಲ್ಲ, ಇದು ಹಬ್ಬದ ಖುಷಿ ಅಷ್ಟೇ ಅಂತ ಕೆಲವರು. ನನಗೆ ಎರಡರಲ್ಲೂ ಒಂದಿಷ್ಟು ನಿಜ ಕಾಣುತ್ತದೆ. ಒಂದು ವಿಷಯ ಮಾತ್ರ ಮರೆಯಬಾರದು. 1525ರ ಜನವರಿಯಲ್ಲಿ ಬೇಹಮ್, ಅವನ ತಮ್ಮ ಬಾರ್ಟೆಲ್, ಗೆಳೆಯ ಪೆಂಟ್ಸ್ ಮೂವರನ್ನೂ ವಿಚಾರಣೆ ಮಾಡಿ ನ್ಯೂರೆಂಬರ್ಗ್‌ನಿಂದ ಓಡಿಸಿದ್ದರು. ದೇವರಿಲ್ಲದ ಚಿತ್ರಗಾರರು ಅನ್ನುವ ಹೆಸರು ಬಂತು. ದೇವರ ವಿಷಯದಲ್ಲೂ ಊರಾಳುವವರ ವಿಷಯದಲ್ಲೂ ಅವರು ಕೊಟ್ಟ ಉತ್ತರ ದೊಡ್ಡವರಿಗೆ ಹಿಡಿಸಲಿಲ್ಲ. ಅದೇ ವರ್ಷ ಜರ್ಮನಿಯ ರೈತರು ಒಡೆಯರ ವಿರುದ್ಧ ಎದ್ದರು. ಸತ್ತವರು ಒಂದು ಲಕ್ಷದವರೆಗೂ ಇರಬಹುದು ಅಂತ ಅಂದಾಜು. ಅದಾಗಿ ಹತ್ತು ವರ್ಷಕ್ಕೆ ಆ ರೈತರು ಕುಣಿಯುವುದನ್ನು ಇವನು ಬರೆದ. ಸುಮ್ನೆ ನಗಿಸುವುದಕ್ಕೇ ಬರೆದ ಅಂದರೆ ನಾನು ಪೂರ್ತಿ ನಂಬಲಾರೆ.

ನಾನೂ ತಪ್ಪು ಮಾಡಿದ್ದೇನೆ. ಮೊದಮೊದಲು ನಮ್ಮೂರ ಕುಡುಕನೊಬ್ಬನ ಮೇಲೆ ಕತೆ ಬರೆದೆ. ಓದಿದವರೆಲ್ಲ ನಕ್ಕರು, ನಾನು ಬೀಗಿದೆ. ಊರಿಗೆ ಹೋದಾಗ ಅತ್ತೆ ಕೇಳಿದರು: “ಅವ ಕುಡಿದದ್ದೆಲ್ಲಾ ಬರೆದಿದ್ದೀಯ. ಬಾವಿಗಿಳಿದು ಹೂಳು ತೆಗೆಯೋಕೆ ಊರಲ್ಲಿ ಬೇರೆ ಯಾರಿದ್ದರು? ಅದ್ಯಾಕೆ ಬರೀಲಿಲ್ಲ?” ನನ್ನ ಹತ್ತಿರ ಉತ್ತರವಿರಲಿಲ್ಲ. ಅದು ನನಗೆ ಗೊತ್ತೇ ಇತ್ತು, ಬರೆದರೆ ನಗು ಕಮ್ಮಿಯಾಗುತ್ತದೆ ಅಂತ ಬಿಟ್ಟಿದ್ದೆ. ನೀನು ಮಾಡಿರುವುದು ಇದರ ತಿರುಗುಮುರುಗು. ಭಕ್ತಿ ಕಮ್ಮಿಯಾದೀತು ಅಂತ ಹೊಡೆದಾಟ ಬಿಟ್ಟಿದ್ದೀಯ. ಹೋದ ವರ್ಷ ತೇರಿನ ಹಗ್ಗದ ವಿಷಯಕ್ಕೆ ಎರಡು ಕೇರಿಯವರು ಕೈ ಮಿಲಾಯಿಸಿದ್ದು ನೀನೇ ಫೋನಲ್ಲಿ ಹೇಳಿದ್ದು, ಅಲ್ವಾ?

ಕೊನೆಯ ಎರಡು ಪುಟದ ಭಾಷಣ ತೆಗೆದುಬಿಡು. ಮೂರನೇ ಪುಟದಲ್ಲಿ ಬಳೆಗಾರ ಅಂತ ಒಂದೇ ಒಂದು ಸಾಲು ಇದೆ ನೋಡು, ಅವನನ್ನು ಹಿಡಿದುಕೋ. ಬೆಳಗ್ಗೆ ಎಷ್ಟು ಡಜನ್ ತಂದ, ಸಂಜೆಗೆ ಎಷ್ಟು ಒಡೆದಿತ್ತು, ಮಧ್ಯಾಹ್ನ ಎಲ್ಲಿ ಕೂತು ಉಂಡ, ಗೊತ್ತಿಲ್ಲದಿದ್ದರೆ ಹೋಗಿ ಕೇಳು. ಮಳೆ ಶುರುವಾಗುವ ಮೊದಲು ಮತ್ತೆ ಕಳಿಸು. ಕನ್ನಡಕದ ನಂಬರ್ ಬದಲಾಗಿದೆ, ಅಕ್ಷರ ಸ್ವಲ್ಪ ದಪ್ಪ ಇರಲಿ.

ನಿನ್ನ ಅಣ್ಣ