ಒಕ್ಕೂಟದ ಕರೆಗೆ ಹೂಂ ಅನ್ನುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನೀನು ಕಳಿಸಿದ ಕಾಗದಗಳನ್ನೆಲ್ಲ ಓದಿದೆ. ಮೀನುಗಾರರ ದೊಡ್ಡ ಒಕ್ಕೂಟದವರು ನಿಮ್ಮ ಸಣ್ಣ ದೋಣಿಗಳ ಸಂಘವನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಾರಂತೆ, ಆಡಳಿತ ಮಂಡಳಿಯಲ್ಲಿ ಒಂದು ಸ್ಥಾನ ಕೊಡುತ್ತಾರಂತೆ, ಕಚೇರಿ, ವಕೀಲರು, ಲೆಕ್ಕ ಬರೆಯುವವರು ಎಲ್ಲ ಅವರದ್ದೇ ಅಂತೆ. ಒಗ್ಗಟ್ಟಿನಲ್ಲಿ ಬಲವಿದೆ ಅಂತ ನಿಮ್ಮ ಸದಸ್ಯರಲ್ಲಿ ಅರ್ಧ ಜನ ಆಗಲೇ ಹೊರಟು ನಿಂತಿದ್ದಾರೆ. ನಿನಗೊಬ್ಬನಿಗೆ ಮನಸ್ಸು ಒಪ್ಪುತ್ತಿಲ್ಲ. ಸುತ್ತಿ ಬಳಸಿ ಹೇಳುವುದಿಲ್ಲ ಮಾರಾಯ, ವಿಲೀನ ಬೇಡ. ಅವರ ಜೊತೆ ಕೆಲಸ ಮಾಡಿ, ಅವರೊಳಗೆ ಕರಗಬೇಡಿ. ಇಂಥದ್ದೇ ಕರೆ ಬೇರೆ ಸಂಘಗಳಿಗೂ ಬರುತ್ತಿರುವುದರಿಂದ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿಮ್ಮ ಸಂಘದ ಹೆಸರು ತೆಗೆದಿದ್ದೇನೆ.

ಅವರ ನಿಯಮಾವಳಿಯಲ್ಲಿ ಮತದಾನದ ಕಲಮು ಓದಿದೆಯಾ? ಇಳಿಸಿದ ಮೀನಿನ ತೂಕಕ್ಕೆ ತಕ್ಕಂತೆ ವಂತಿಗೆ, ವಂತಿಗೆಗೆ ತಕ್ಕಂತೆ ಮತ. ನಿಮ್ಮ ದೋಣಿಗಳೆಲ್ಲ ಸೇರಿ ಒಂದು ಋತುವಿನಲ್ಲಿ ಇಳಿಸುವುದನ್ನು ದೊಡ್ಡ ಬಲೆ ಎಳೆದುಕೊಂಡು ಹೋಗುವ ಕೆಲವೇ ಯಾಂತ್ರಿಕ ಟ್ರಾಲರ್‌ಗಳು ಇಳಿಸಿಬಿಡುತ್ತವೆ. ಅಂದಮೇಲೆ ಅವರು ಕೊಡುವ ಆ ಒಂದು ಸ್ಥಾನ ಕೂರುವುದಕ್ಕೆ ಮಾತ್ರ. ಯಾವ ತೀರ್ಮಾನವನ್ನೂ ತಡೆಯುವುದಕ್ಕೆ ಅಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬೇರೆ ಸಂಸ್ಥೆಗಳ ಜೊತೆ ಸೇರಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನಲ್ಲಿ ಮೀನು ಹಿಡಿಯುವ ಕಸುಬಿನಲ್ಲಿರುವ ನೂರರಲ್ಲಿ ತೊಂಬತ್ತು ಜನ ಸಣ್ಣ ಪ್ರಮಾಣದವರೇ. ಹಿಡಿಯುವ ಮೀನಿನಲ್ಲೂ ಕನಿಷ್ಠ 40 ಶೇಕಡಾ ಅವರದ್ದು. ತಲೆ ಎಣಿಸಿದರೆ ನೀವೇ ಹೆಚ್ಚು, ಟನ್ ಎಣಿಸಿದರೆ ಅವರೇ ಹೆಚ್ಚು. ಯಾವುದನ್ನು ಎಣಿಸಬೇಕು ಅಂತ ನಿರ್ಧರಿಸಿದವನೇ ಅರ್ಧ ಗೆದ್ದ ಹಾಗೆ.

ಇಂಥ ಒಕ್ಕೂಟವೊಂದರ ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಸಭೆ ಕರೆದದ್ದು ಕೆಲಸದ ದಿನ ಬೆಳಿಗ್ಗೆ. ಟ್ರಾಲರ್ ಮಾಲೀಕ ಸಭೆಗೆ ಬಂದರೆ ಅವನ ಟ್ರಾಲರ್ ಕಡಲಲ್ಲೇ ಇರುತ್ತದೆ, ಸಂಬಳದ ತಂಡೇಲ (ದೋಣಿ ನಡೆಸುವವನು) ಬಲೆ ಎಳೆಯುತ್ತಿರುತ್ತಾನೆ. ಸಣ್ಣ ದೋಣಿಯವನು ಬಂದರೆ ದೋಣಿ ದಂಡೆಯಲ್ಲಿ ನಿಲ್ಲುತ್ತದೆ, ಆ ದಿನದ ಸಂಪಾದನೆ ಹೋಗುತ್ತದೆ. ಹಾಗಿದ್ದರೂ ನಾಲ್ಕಾರು ಜನ ಬಂದಿದ್ದರು. ದಂಡೆಯ ಹತ್ತಿರ ಬಲೆ ಬಿಡುವವರ ವಿಷಯವನ್ನು ಅಜೆಂಡಾದ ಕೊನೆಗೆ, ಊಟದ ನಂತರಕ್ಕೆ ಹಾಕಿದ್ದರು. ಅದು ಬರುವ ಹೊತ್ತಿಗೆ ಇವರು ಇಳಿತ ಶುರುವಾಗುವ ಮೊದಲು ಬಲೆ ಎತ್ತಬೇಕು ಅಂತ ಹೊರಟುಹೋಗಿದ್ದರು. ನಡಾವಳಿಯಲ್ಲಿ ಏನು ಬರೆದರು ಗೊತ್ತಾ? 'ಸದರಿ ವಿಷಯಕ್ಕೆ ಯಾರ ಆಕ್ಷೇಪವೂ ಇರಲಿಲ್ಲ.' ಸುಳ್ಳಲ್ಲ ಅದು. ಆಕ್ಷೇಪಿಸುವವರು ಅಲ್ಲಿರಲಿಲ್ಲ, ಅಷ್ಟೇ. ಅದೇ ಹಾಳೆ ಇಲಾಖೆಯ ಮೇಜಿಗೆ ಹೋದಾಗ 'ಮೀನುಗಾರರ ಒಮ್ಮತದ ಅಭಿಪ್ರಾಯ' ಆಗಿತ್ತು.

ಇದರಿಂದ ಏನಾಗಬಹುದು ಅನ್ನುವುದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಥೆಯನ್ನು ನಿಮ್ಮ ಸದಸ್ಯರಿಗೆ ಬಿಡಿಸಿ ಹೇಳು. ಅಲ್ಲಿನ ಕಾಡ್ ಮೀನು ಶತಮಾನಗಳ ಕಾಲ ಜನರನ್ನು ಸಾಕಿತ್ತು. ದಂಡೆಯವರು ಗಾಳ, ಬಲೆ ಹಾಕಿ ಮೀನು ತೀರದತ್ತ ಬರುವುದನ್ನು ಕಾಯುತ್ತಿದ್ದರು. ಟ್ರಾಲರ್‌ನವರು ನೀರಿನಡಿಯ ಮೀನನ್ನು ಶಬ್ದದಿಂದ ಪತ್ತೆಹಚ್ಚುವ ಸೋನಾರ್ ಹಿಡಿದು ಮೀನು ಗುಂಪುಗೂಡುವ ಜಾಗಕ್ಕೇ ಹೋಗುತ್ತಿದ್ದರು. 1980ರ ದಶಕದಲ್ಲಿ ದಂಡೆಯವರು ಕೂಗು ಹಾಕಿದರು: ಮೀನು ತೀರಕ್ಕೆ ಬರುತ್ತಿಲ್ಲ, ಬಂದದ್ದೂ ಸಣ್ಣದಾಗುತ್ತಿದೆ. ಆದರೆ ಸರ್ಕಾರದ ಲೆಕ್ಕಾಚಾರಕ್ಕೆ ಟ್ರಾಲರ್‌ಗಳು ಗಂಟೆಗೆ ಎಷ್ಟು ಹಿಡಿಯುತ್ತವೆ ಅನ್ನುವುದೂ ಒಂದು ಆಧಾರ. ಉಳಿದ ಮೀನೆಲ್ಲ ಒಂದೇ ಕಡೆ ಒತ್ತಿಕೊಂಡಿರುವಾಗ, ಆ ಜಾಗ ಹುಡುಕಿಕೊಂಡು ಹೋಗುವ ಟ್ರಾಲರ್‌ಗೆ ಕೊನೆಯವರೆಗೂ ಬಲೆ ತುಂಬುತ್ತಲೇ ಇರುತ್ತದೆ. ಹಾಗಾಗಿ ಪುಸ್ತಕದಲ್ಲಿ ಮೀನು ಇತ್ತು, ನೀರಿನಲ್ಲಿ ಇರಲಿಲ್ಲ. ಅಲ್ಲಿನ ಹಳೆಯ ಕಾರ್ಮಿಕ ಸಂಘದಲ್ಲಿ ದಂಡೆಯ ಮೀನುಗಾರರು, ಟ್ರಾಲರ್ ಕೆಲಸಗಾರರು, ಮೀನು ಸಂಸ್ಕರಣೆ ಕಾರ್ಖಾನೆಯವರು ಎಲ್ಲ ಒಟ್ಟಿಗಿದ್ದರು. ಅಂಥ ಸಂಘ ಟ್ರಾಲರ್ ನಿಲ್ಲಿಸಿ ಅಂತ ಹೇಗೆ ಹೇಳೀತು? ದಂಡೆಯವರ ಪರವಾಗಿ ಬೇರೆಯೇ ಸಂಘ ಹುಟ್ಟಿತು. ತಾವೇ ವಿಜ್ಞಾನಿಗಳಿಂದ ವರದಿ ಬರೆಸಿದರು, ಕೋರ್ಟಿಗೂ ಹೋದರು, ಅಲ್ಲಿ ಸೋತರು. 1992ರ ಜುಲೈ 2ರಂದು ಕೆನಡಾದ ಮೀನುಗಾರಿಕೆ ಮಂತ್ರಿ ಜಾನ್ ಕ್ರಾಸ್ಬಿ ಕಾಡ್ ಹಿಡಿಯುವುದನ್ನೇ ನಿಷೇಧಿಸಿದರು. ಸುಮಾರು 30,000 ಜನರ ಕೆಲಸ ಹೋಯಿತು. ಎಚ್ಚರಿಸಿದವರೂ ಅದರಲ್ಲಿದ್ದರು.

'ಅದು ಹಳೇ ಕಾಲ, ಈಗಿನವರು ಹಾಗಲ್ಲ' ಅಂತ ಯಾರಾದರೂ ಎದ್ದು ನಿಂತರೆ ಬ್ರಿಟನ್ನಿನ ಮಾತು ತೆಗೆ. ಅಲ್ಲಿ ದೋಣಿಗಳ ಸಂಖ್ಯೆಯಲ್ಲಿ ಮುಕ್ಕಾಲಿಗಿಂತ ಹೆಚ್ಚು 10 ಮೀಟರಿಗಿಂತ ಚಿಕ್ಕವು. ಕೋಟಾದಲ್ಲಿ, ಅಂದರೆ ಯಾರು ಎಷ್ಟು ಮೀನು ಹಿಡಿಯಬಹುದು ಅಂತ ಹಂಚುವ ಪಾಲಿನಲ್ಲಿ, ಅವಕ್ಕೆ ಸಿಗುತ್ತಿದ್ದದ್ದು ಚೂರುಪಾರು. ದೊಡ್ಡವರ ಸಂಘಗಳು ಬಳಸದೆ ಬಿಟ್ಟ ಕೋಟಾದಲ್ಲಿ ಸ್ವಲ್ಪವನ್ನು ಸರ್ಕಾರ ಸಣ್ಣ ದೋಣಿಗಳಿಗೆ ಕೊಡಲು ಹೊರಟಿತು. ಗಮನಿಸು, ಬಳಸದೆ ಬಿಟ್ಟದ್ದು. ಅದಕ್ಕೂ ದೊಡ್ಡವರ ಸಂಘಗಳ ಒಕ್ಕೂಟ ಕೋರ್ಟಿಗೆ ಹೋಯಿತು. 2013ರಲ್ಲಿ ಹೈಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ಸಣ್ಣ ದೋಣಿಯವರಿಗೆ ತಮ್ಮದೇ ಸಂಘಟನೆ ಇದ್ದದ್ದರಿಂದ ಸರ್ಕಾರದ ನಿರ್ಧಾರದ ಬೆಂಬಲಕ್ಕೆ ನಿಲ್ಲಲು ಆಯಿತು. ಎಲ್ಲರೂ ಒಂದೇ ಸೂರಿನಡಿ ಇದ್ದಿದ್ದರೆ ಆ ವಕೀಲರ ಫೀಸಿಗೆ ಇವರೂ ವಂತಿಗೆ ಕೊಡಬೇಕಾಗುತ್ತಿತ್ತು!

ಬೇರೆಯಾಗಿ ನಿಂತರೆ ಬಡವಾಗುತ್ತೇವೆ ಅನ್ನುವ ಭಯ ನಿನಗೂ ಇದೆ ಅಂತ ಗೊತ್ತು. ಐಸ್‌ಲ್ಯಾಂಡ್ ನೋಡು. ಕೋಟಾ ಕೊಂಡು ಮಾರುವ ಪದ್ಧತಿ ಬಂದು ಹಕ್ಕಿನಲ್ಲಿ ಹೆಚ್ಚಿನದು ದೊಡ್ಡ ಕಂಪನಿಗಳ ಕೈಗೆ ಹರಿದುಹೋದ ದೇಶ ಅದು. ಆದರೆ ಅಲ್ಲಿನ ಸಣ್ಣ ದೋಣಿ ಮಾಲೀಕರು 1985ರಲ್ಲೇ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡಿದ್ದರು. ಇಬ್ಬರು ಮೀನುಗಾರರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟು, ಈ ಕೋಟಾ ಪದ್ಧತಿ ತಾರತಮ್ಯದ್ದು ಅನ್ನುವ ಅಭಿಪ್ರಾಯವನ್ನು 2007ರಲ್ಲಿ ಪಡೆದರು. 2009ರಿಂದ ಬೇಸಿಗೆಯಲ್ಲಿ ಕೋಟಾ ಕೊಳ್ಳದೆಯೇ ಸಣ್ಣ ದೋಣಿಯಲ್ಲಿ ಗಾಳ ಹಾಕಿ ಮೀನು ಹಿಡಿಯಲು ಅವಕಾಶ ಬಂತು. ಮಿತಿಗಳಿವೆ, ಜಗಳವೂ ನಿಂತಿಲ್ಲ. ಆದರೂ ಬಾಗಿಲು ತೆರೆಯಿತು.

ಹಾಗಂತ ಸಣ್ಣವರ ಸಂಘಗಳೆಲ್ಲ ಪವಿತ್ರ ಅಂತ ನಾನು ಹೇಳುತ್ತಿಲ್ಲ. 1997ರಲ್ಲಿ ದೆಹಲಿಯಲ್ಲಿ ಹುಟ್ಟಿದ ವಿಶ್ವ ಮಟ್ಟದ ಮೀನುಗಾರರ ವೇದಿಕೆ 2000ದಲ್ಲಿ ಎರಡಾಯಿತು. ನಿಮ್ಮ ಸಂಘದಲ್ಲೂ ಎರಡು ಗುಂಪು ಇರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಜಗಳ ನಿಮ್ಮ ಸಭೆಯಲ್ಲಿ ಆದರೆ ಕನಿಷ್ಠ ನಿಮ್ಮ ವಿಷಯದ ಮೇಲಾದರೂ ಆಗುತ್ತದೆ.

ಅವರ ಜೊತೆ ಕೈಜೋಡಿಸಬೇಕಾದ ಕೆಲಸಗಳು ಖಂಡಿತ ಇವೆ. ಬಂದರಿನ ಹೂಳು, ಡೀಸೆಲ್ ಬೆಲೆ, ಕಾರ್ಖಾನೆಯ ಕೊಳಕು ನೀರು, ಹವಾಮಾನ ಮುನ್ಸೂಚನೆ, ಕಡಲಲ್ಲಿ ಅಪಾಯಕ್ಕೆ ಸಿಕ್ಕವರ ರಕ್ಷಣೆ, ಇದರಲ್ಲಿ ದೊಡ್ಡದು ಸಣ್ಣದು ಅಂತಿಲ್ಲ. ಒಂದೊಂದಕ್ಕೂ ಒಂದು ಒಪ್ಪಂದ ಮಾಡಿಕೊಳ್ಳಿ, ಜಂಟಿ ಮನವಿ ಕೊಡಿ. ಆದರೆ ಕೋಟಾ ಹಂಚಿಕೆ, ದಂಡೆಯಿಂದ ಎಷ್ಟು ದೂರ ಟ್ರಾಲರ್ ಬರಬಾರದು ಅನ್ನುವ ಗಡಿ, ಬಲೆ ಹಾನಿಯ ಪರಿಹಾರ, ಈ ಮೂರರಲ್ಲಿ ನಿಮ್ಮ ಸಹಿ ನಿಮ್ಮ ಕೈಯಲ್ಲೇ ಇರಲಿ. ಬಲೆಯ ವಿಷಯ ವಿಶೇಷವಾಗಿ ಹೇಳುತ್ತೇನೆ. ರಾತ್ರಿ ಬಿಟ್ಟ ಬಲೆಯ ಮೇಲೆ ಟ್ರಾಲರ್ ಹಾದುಹೋದರೆ ಬೆಳಿಗ್ಗೆ ಸಿಗುವುದು ಒಂದೆರಡು ತೇಲುಬೆಂಡು, ತುಂಡಾದ ಹಗ್ಗ. ಇಬ್ಬರೂ ಒಂದೇ ಒಕ್ಕೂಟದ ಸದಸ್ಯರಾದರೆ ಅದು ಮನೆಯೊಳಗಿನ ಮಾತಾಗುತ್ತದೆ, ದೂರು ಹೊರಗೆ ಬರುವುದೇ ಇಲ್ಲ. ಅವರ ನಿಯಮಾವಳಿಯಲ್ಲಿ 'ಸದಸ್ಯರ ನಡುವಿನ ವಿವಾದಗಳು' ಅಂತ ಒಂದು ಕಲಮು ಇದೆಯಲ್ಲ, ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸು.

ಇನ್ನೊಂದು ಮಾತು, ನಿನಗೆ ಇಷ್ಟವಾಗಲಿಕ್ಕಿಲ್ಲ. ನಿಮ್ಮ ಸದಸ್ಯರ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ನಾನು ಮೇಲೆ ಹೇಳಿದ ಅದೇ ಅಧ್ಯಯನದಲ್ಲಿ, ಹಿಡಿಯುವುದರಿಂದ ಮಾರುವವರೆಗೆ ಈ ಕಸುಬಿನಲ್ಲಿರುವ ಹತ್ತು ಜನರಲ್ಲಿ ನಾಲ್ವರು ಹೆಂಗಸರು ಅಂತಿದೆ. ಮೀನು ವಿಂಗಡಿಸುವವರು, ಒಣಗಿಸುವವರು, ಹೊತ್ತು ಮಾರುವವರು ನಿಮ್ಮ ಮನೆಯವರೇ. ದೋಣಿ ಇದ್ದವನಿಗೆ ಮಾತ್ರ ಮತ ಅನ್ನುವ ನಿಮ್ಮ ನಿಯಮ, ಟನ್ ಇದ್ದವನಿಗೆ ಮಾತ್ರ ಮತ ಅನ್ನುವ ಅವರ ನಿಯಮದ ತಮ್ಮನೇ ಅಲ್ಲವಾ? ಒಕ್ಕೂಟಕ್ಕೆ ಉತ್ತರ ಬರೆಯುವ ಮೊದಲು ಇದನ್ನು ಸರಿಮಾಡಿಕೊಂಡರೆ ನಿಮ್ಮ ಮಾತಿಗೂ ತೂಕ ಬರುತ್ತದೆ, ಸದಸ್ಯರ ಸಂಖ್ಯೆಯೂ ಏರುತ್ತದೆ.

ಉತ್ತರದ ಕರಡು ಬರೆದು ಇದರ ಜೊತೆಗೇ ಕಳಿಸಿದ್ದೇನೆ. ಜಂಟಿಯಾಗಿ ಮಾಡಬಹುದಾದ ಕೆಲಸಗಳ ಪಟ್ಟಿಗೆ ಎರಡನೇ ಪುಟದಲ್ಲಿ ಜಾಗ ಬಿಟ್ಟಿದ್ದೇನೆ, ಅದನ್ನು ನೀವೇ ಕೂತು ತುಂಬಿ. ಮಹಾಸಭೆಯನ್ನು ದಯವಿಟ್ಟು ದೋಣಿ ಇಳಿಯದ ದಿನ ಇಟ್ಟುಕೊಳ್ಳಿ. ನಾನು ಬರುತ್ತೇನೆ, ಮಾತಾಡಲು ಕರೆಯಬೇಡ.

ಇಂತಿ,
ನಿನ್ನ ಗೆಳೆಯ