ಹಡಗಿನಿಂದ ಇಳಿಯುವ ಬೆಳಿಗ್ಗೆ

ಚಿ. ಸೌ. ವೀಣಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕ್ರೂಸ್ ಟಿಕೆಟ್ ಆಯಿತು ಅಂತ ತಿಳಿದು ಸಂತೋಷವಾಯಿತು. ಹಡಗು ಹತ್ತುವುದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಗಡಿಬಿಡಿಯಾಗುವುದು ಇಳಿಯುವಾಗ. ನಿಮ್ಮ ಅತ್ತೆಯವರ ಮಂಡಿನೋವು, ಪುಟ್ಟನ ಓಡಾಟ ಎರಡನ್ನೂ ನೆನೆದು ಇದನ್ನು ಬರೆಯುತ್ತಿದ್ದೇನೆ.

ಕೊನೆಯ ದಿನ ಹಡಗು ಸಾಮಾನ್ಯವಾಗಿ ಬೆಳಗಿನ ಜಾವ 5–6ರ ಹೊತ್ತಿಗೆ ಬಂದರು ಸೇರುತ್ತದೆ. ಅಧಿಕಾರಿಗಳು ಒಪ್ಪಿಗೆ ಕೊಟ್ಟ ಮೇಲೆ 7ರ ಸುಮಾರಿಗೆ ಇಳಿಸಲು ಶುರು. 8–8.30ಕ್ಕೆ ಕ್ಯಾಬಿನ್ ಬಿಡಬೇಕು, 9.30–10ರೊಳಗೆ ಹಡಗು ಖಾಲಿಯಾಗಬೇಕು. ಅದೇ ದಿನ ಮಧ್ಯಾಹ್ನ ಹೊಸ ಪ್ರಯಾಣಿಕರು ಹತ್ತುತ್ತಾರೆ, ಅಷ್ಟರಲ್ಲಿ ಸಾವಿರಾರು ಹಾಸಿಗೆಗಳ ಹೊದಿಕೆ ಬದಲಾಗಬೇಕು. ಅದಕ್ಕೇ ಕ್ಯಾಬಿನ್ ಹುಡುಗ ಬಾಗಿಲ ಬಳಿ ಸುಳಿದಾಡುತ್ತಿರುತ್ತಾನೆ, ಬೇಸರ ಮಾಡಿಕೊಳ್ಳಬೇಡ.

ಈ ಲೆಕ್ಕ ನೋಡಿಕೊಂಡೇ ವಿಮಾನ ಬುಕ್ ಮಾಡು. ಮಧ್ಯಾಹ್ನ 12ಕ್ಕೆ ಮುಂಚಿನದು ಬೇಡ, 1ರ ನಂತರದ್ದಾದರೆ ಒಳ್ಳೆಯದು. ಮಂಜು ಕವಿದರೆ ಹಡಗು ಬಂದರಿನ ಹೊರಗೇ ನಿಲ್ಲುತ್ತದೆ, ತಪಾಸಣೆಯ ಸಾಲು ಕೆಲವೊಮ್ಮೆ ಗಂಟೆಗಟ್ಟಲೆ ಎಳೆಯುತ್ತದೆ. ವಿಮಾನ ನಿಲ್ದಾಣ ದೂರವಿದ್ದರೆ ಇನ್ನೂ ಒಂದೆರಡು ಗಂಟೆ ಸೇರಿಸಿಕೋ.

ಇಳಿಯಲು ಎರಡು ದಾರಿ. ನಿಮ್ಮ ಸೂಟ್‌ಕೇಸುಗಳನ್ನು ನೀವೇ ಎಳೆದುಕೊಂಡು ಎಲ್ಲರಿಗಿಂತ ಮೊದಲು ಹೊರಡುವುದು ಒಂದು. ಹಿಂದಿನ ರಾತ್ರಿ ಟ್ಯಾಗ್ ಕಟ್ಟಿ ಬಾಗಿಲ ಹೊರಗಿಟ್ಟು, ಬೆಳಿಗ್ಗೆ ಕೈಬೀಸಿಕೊಂಡು ಇಳಿದು ಟರ್ಮಿನಲ್‌ನಲ್ಲಿ ತೆಗೆದುಕೊಳ್ಳುವುದು ಇನ್ನೊಂದು. ಮೊದಲನೆಯದು ಒಂಟಿ ಹುಡುಗರಿಗೆ ಸರಿ. ನಿನಗೆ ಎರಡನೆಯದೇ, ಅದರಲ್ಲೂ ಕೊನೆಕೊನೆಯ ಗುಂಪಿನ ಟ್ಯಾಗ್ ಕೇಳಿ ತೆಗೆದುಕೋ. ಟ್ಯಾಗಿನ ಬಣ್ಣ ಅಥವಾ ನಂಬರ್ ನೋಡಿ ಗುಂಪು ಕರೆಯುತ್ತಾರೆ. ಕೊಟ್ಟಿದ್ದು ಹೊಂದದಿದ್ದರೆ ಒಂದೆರಡು ದಿನ ಮುಂಚೆಯೇ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ಬದಲಾಯಿಸಿಕೊಳ್ಳಬಹುದು. ಅತ್ತೆಯವರಿಗೆ ಗಾಲಿಕುರ್ಚಿ ಬೇಕೆಂದು ಹೆಸರು ಬರೆಸುವುದೂ ಆಗಲೇ. ಎಲ್ಲಿ, ಎಷ್ಟು ಹೊತ್ತಿಗೆ ಬಂದು ಕೂರಬೇಕೆಂದು ಅವರೇ ಹೇಳುತ್ತಾರೆ.

ಇನ್ನು ರಾತ್ರಿಯ ಕೆಲಸ. ಸೂಟ್‌ಕೇಸ್ ಹೊರಗಿಡಲು ಹೆಚ್ಚಿನ ಹಡಗುಗಳಲ್ಲಿ 10–11 ಗಂಟೆಯವರೆಗೆ ಸಮಯ. ಒಮ್ಮೆ ಒಯ್ದರೆಂದರೆ ಬೆಳಿಗ್ಗೆಯವರೆಗೂ ಅದು ಕಣ್ಣಿಗೆ ಬೀಳುವುದಿಲ್ಲ. ಎಲ್ಲವನ್ನೂ ನೀಟಾಗಿ ಮಡಿಚಿ ತುಂಬಿ ಕಳಿಸಿ, ಬೆಳಿಗ್ಗೆ ನೈಟ್ ಡ್ರೆಸ್ಸಿನಲ್ಲೇ ಇಳಿಯುವವರು ಪ್ರತಿ ಪ್ರಯಾಣದಲ್ಲೂ ಇರುತ್ತಾರಂತೆ. ಆದ್ದರಿಂದ ತುಂಬುವ ಮುಂಚೆಯೇ ನಾಲ್ಕೂ ಜನರ ಬೆಳಗಿನ ಬಟ್ಟೆಯನ್ನು ಒಳಉಡುಪು, ಚಪ್ಪಲಿ ಸಮೇತ ಕುರ್ಚಿಯ ಮೇಲೆ ಜೋಡಿಸಿಡು. ಪಾಸ್‌ಪೋರ್ಟ್, ಔಷಧಿ, ಒಡವೆ, ಚಾರ್ಜರ್, ಕನ್ನಡಕ, ಪುಟ್ಟನಿಗೆ ಇನ್ನೊಂದು ಜೊತೆ ಬಟ್ಟೆ ಕೈಚೀಲಕ್ಕೆ. ಹಳೆಯ ಏರ್‌ಲೈನ್ ಟ್ಯಾಗುಗಳನ್ನು ಕಿತ್ತುಹಾಕು, ಸೂಟ್‌ಕೇಸಿನದ್ದೊಂದು ಫೋಟೊ ಮೊಬೈಲಿನಲ್ಲಿರಲಿ.

ಹಡಗಿನ ಡ್ಯೂಟಿ ಫ್ರೀಯಲ್ಲಿ ಅಳಿಯಂದಿರು ಬಾಟಲಿ ಕೊಂಡರೆ (ಕೊಳ್ಳದೆ ಇರುತ್ತಾರೆಯೇ!) ಅದು ಕೈಗೆ ಬರುವುದು ಸಾಮಾನ್ಯವಾಗಿ ಕೊನೆಯ ಸಂಜೆ. ಹೊರಗಿಡುವ ಸೂಟ್‌ಕೇಸಿಗೆ ಹಾಕಿದರೆ ಎತ್ತಿ ಒಗೆಯುವ ರಭಸಕ್ಕೆ ಒಡೆಯಬಹುದು. ಕೈಚೀಲದಲ್ಲೇ ವಿಮಾನ ನಿಲ್ದಾಣಕ್ಕೆ ಒಯ್ದರೆ 100 ಮಿಲಿಲೀಟರ್ ನಿಯಮಕ್ಕೆ ಸಿಕ್ಕಿ ಅಲ್ಲೇ ಬಿಟ್ಟುಹೋಗಬೇಕಾಗಬಹುದು. ಹಡಗಿನಿಂದ ಕೈಯಲ್ಲಿ ತಂದು, ಸೂಟ್‌ಕೇಸ್ ಸಿಕ್ಕ ಮೇಲೆ ಬಟ್ಟೆಗಳ ನಡುವೆ ಸುತ್ತಿಟ್ಟು ಚೆಕ್-ಇನ್‌ಗೆ ಕೊಡಲಿ. ಅದಕ್ಕೆ ಹಿಂದಿನ ರಾತ್ರಿಯೇ ಒಂದು ಬಾಟಲಿಯಷ್ಟು ಜಾಗ ಬಿಟ್ಟಿರು.

ಬಿಲ್ಲನ್ನು ಹಿಂದಿನ ಮಧ್ಯಾಹ್ನವೇ ಟಿವಿಯಲ್ಲೋ ಆ್ಯಪಿನಲ್ಲೋ ನೋಡಿಬಿಡು. ಕುಡಿಯದ ಜ್ಯೂಸು, ಎರಡು ಸಲ ಬಿದ್ದ ಫೋಟೊ ಚಾರ್ಜು ಇದ್ದರೆ ಆಗಲೇ ಹೇಳಬೇಕು. ಬೆಳಿಗ್ಗೆ ಆ ಕೌಂಟರಿನ ಮುಂದಿನ ಸಾಲು ಹನುಮಂತನ ಬಾಲ. ಹಡಗಿನ ಖರ್ಚಿಗೆ ಡೆಬಿಟ್ ಕಾರ್ಡ್ ಕೊಟ್ಟಿದ್ದರೆ, ಅದರಲ್ಲಿ ತಡೆಹಿಡಿದ ಹಣ ಬಿಡುಗಡೆಯಾಗಲು ಬ್ಯಾಂಕು ಕೆಲವು ದಿನ ತೆಗೆದುಕೊಳ್ಳುತ್ತದೆ. ಖಾತೆಯ ದುಡ್ಡನ್ನೆಲ್ಲ ಅದರ ಮೇಲೇ ಬಿಡಬೇಡ. ಬೋರ್ಡಿಂಗ್ ಪಾಸ್ ಅನ್ನು ವೈಫೈ ಪ್ಯಾಕ್ ಮುಗಿಯುವ ಮುಂಚೆ ಇಳಿಸಿಕೋ. ಅಲಾರಾಂ ಇಡುವಾಗ ಹಡಗಿನ ಗಡಿಯಾರ ನೋಡು, ಮೊಬೈಲು ದಡದ ಸಮಯಕ್ಕೆ ತಾನಾಗಿಯೇ ಜಿಗಿದು ಒಂದು ಗಂಟೆ ಹಿಂದುಮುಂದಾಗಬಹುದು.

ಕ್ಯಾಬಿನ್ನಿನ ಸೇಫಿನಲ್ಲಿ, ಅಂದರೆ ಪುಟ್ಟ ತಿಜೋರಿಯಲ್ಲಿ, ಮರೆಯುವುದೇ ಹೆಚ್ಚು. ಬೆಳಿಗ್ಗೆ ಹಾಕಿಕೊಳ್ಳಬೇಕಾದ ಚಪ್ಪಲಿಯಲ್ಲಿ ಒಂದನ್ನು ರಾತ್ರಿ ಚೀಲದಲ್ಲಿ ಸುತ್ತಿ ಸೇಫಿನೊಳಗೆ ಇಟ್ಟುಬಿಡು. ಒಂಟಿ ಚಪ್ಪಲಿಯಲ್ಲಿ ಯಾರೂ ಹೊರಡುವುದಿಲ್ಲವಲ್ಲ, ಸೇಫ್ ತೆರೆದೇ ತೆರೆಯುತ್ತೀರಿ. ಆಮೇಲೆ ಹಾಸಿಗೆಯ ಕೆಳಗೆ, ದಿಂಬಿನ ಸಂದಿ, ಬಚ್ಚಲ ಬಾಗಿಲ ಹಿಂದಿನ ಕೊಕ್ಕೆ, ಬಾಲ್ಕನಿಯಲ್ಲಿ ಒಣಹಾಕಿದ ಈಜುಡುಗೆ, ಪ್ಲಗ್ಗಿನಲ್ಲೇ ಉಳಿದ ಅಡಾಪ್ಟರ್ ಇವನ್ನೆಲ್ಲ ನೋಡು. ಕ್ಯಾಬಿನ್ ಗೋಡೆ ಸಾಮಾನ್ಯವಾಗಿ ಲೋಹದ್ದು, ಅಯಸ್ಕಾಂತದ ಕೊಕ್ಕೆ ಅಂಟಿಸಿದ್ದರೆ ಅದೂ ಅಲ್ಲೇ ಇರುತ್ತದೆ.

ತಿಂಡಿಗೆ ಮೇಲಿನ ಬಫೆಗೆ ಹೋದರೆ ತಟ್ಟೆ ಹಿಡಿದು ಜಾಗ ಹುಡುಕುವುದೇ ಆಗುತ್ತದೆ. ಕೂರಿಸಿ ಬಡಿಸುವ ದೊಡ್ಡ ಊಟದ ಹಾಲ್ ತೆರೆದಿದ್ದರೆ ಅಲ್ಲಿಗೆ ಹೋಗಿ, ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಬೇಗ ಮುಚ್ಚುತ್ತಾರೆ, 7ರ ಸುಮಾರಿಗಾದರೂ ಒಳಗಿರಿ. ಲಿಫ್ಟಿನ ಮುಂದೆ ಆಗ ಸಂತೆ. ಕೆಳಗೆ ಹೋಗುವುದು ತುಂಬಿ ಬರುತ್ತಿದ್ದರೆ ಮೇಲೆ ಹೋಗುವುದನ್ನು ಹತ್ತಿ, ಒಂದು ಸುತ್ತು ಹೋಗಿ ಕೆಳಗಿಳಿದರಾಯಿತು.

ತಿಂಡಿಯಾದ ಮೇಲೆ ನಿಮ್ಮ ಗುಂಪು ಕರೆಯುವವರೆಗೆ ಮೇಲಿನ ಡೆಕ್ಕಿನಲ್ಲೋ ಲೌಂಜಿನಲ್ಲೋ ಕೂತುಕೊಳ್ಳಿ. ಇಳಿಯುವ ಬಾಗಿಲ ಬಳಿ ಹೋಗಿ ನಿಂತರೆ ಬೇಗ ಬಿಡುವುದಿಲ್ಲ, ಕಾಲು ನೋಯುತ್ತದೆ ಅಷ್ಟೆ. ಬಾಗಿಲಲ್ಲಿ ಕೀ ಕಾರ್ಡ್ ಕೊನೆಯ ಸಲ ಸ್ಕ್ಯಾನ್ ಆಗಿ ದಾಟಿದಿರೆಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಅಲ್ಲಿಗೆ ಹೋಗುವ ಮುಂಚೆಯೇ ನಾಲ್ಕು ಕಾರ್ಡು, ನಾಲ್ಕು ಪಾಸ್‌ಪೋರ್ಟು ಎಣಿಸಿಕೋ. ಪುಟ್ಟನ ಜೇಬಿನಲ್ಲಿ ಬಫೆಯ ಸೇಬು, ಬಾಳೆಹಣ್ಣು ಇದ್ದರೆ ತಿನ್ನಿಸಿಬಿಡು. ದಡಕ್ಕೆ ಹಣ್ಣು ಒಯ್ಯುವುದನ್ನು ಬಹಳ ದೇಶಗಳಲ್ಲಿ ಬಿಡುವುದಿಲ್ಲ, ದಂಡವೂ ಬೀಳಬಹುದು.

ಟರ್ಮಿನಲ್‌ನಲ್ಲಿ ಸೂಟ್‌ಕೇಸುಗಳು ಟ್ಯಾಗಿನ ಪ್ರಕಾರ ಸಾಲಾಗಿರುತ್ತವೆ. ಕಪ್ಪು ಸೂಟ್‌ಕೇಸೆಲ್ಲ ಒಂದೇ ಥರ, ಹೆಸರು ಓದಿಯೇ ಎತ್ತಿಕೋ. ನಿಮ್ಮದು ಕಾಣದಿದ್ದರೆ ಪಕ್ಕದ ಗುಂಪಿನ ಸಾಲಿನಲ್ಲೂ ಹುಡುಕು, ಟ್ಯಾಗ್ ಕಿತ್ತುಹೋದವು ಮೂಲೆಯಲ್ಲಿ ಬೇರೆಯಾಗಿ ಬಿದ್ದಿರುತ್ತವೆ. ಎಲ್ಲ ಕೈಗೆ ಸಿಕ್ಕಿ, ತಪಾಸಣೆಯೂ ಮುಗಿದ ಮೇಲೆ ಟ್ಯಾಕ್ಸಿ ಕರೆ. ಮೊದಲೇ ಕರೆದರೆ ಅವನು ಹೊರಗೆ ಕಾಯುತ್ತಾ ಮೀಟರ್ ಓಡಿಸುತ್ತಾನೆ, ನೀನು ಒಳಗೆ ಸಾಲಿನಲ್ಲಿ ಚಡಪಡಿಸುತ್ತೀಯ.

ನಿಮ್ಮ ಅತ್ತೆಯವರಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ,
ದೊಡ್ಡಮ್ಮ