ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ನನ್ನ ಮಗನ ಕಾಯಿಲೆಗೆ ಎಕ್ಸ್‌ಪೈರಿ ಡೇಟ್ ಇಲ್ಲ ಸಾರ್

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ಮಗನಿಗೆ ಡುಷೇನ್ ಮಸ್ಕ್ಯುಲರ್ ಡಿಸ್ಟ್ರೊಫಿ, ಅಂದ್ರೆ ಮೈಯ ಸ್ನಾಯುಗಳೆಲ್ಲ ಸವೆಯುತ್ತಾ ಹೋಗುವ ಕಾಯಿಲೆ. ಅವನ ಅಂಗವಿಕಲತೆ ಸರ್ಟಿಫಿಕೇಟಿನ ಅವಧಿ ಮತ್ತೆ ಮುಗಿಯುತ್ತಾ ಬಂದಿದೆ. ಅಂದ್ರೆ ಗಾಲಿಕುರ್ಚಿಯಲ್ಲಿರುವ ಹುಡುಗನನ್ನು ಮತ್ತೆ ಹೊತ್ತುಕೊಂಡು ಹೋಗಿ, ಇವನಿಗೆ ಇನ್ನೂ ಕಾಯಿಲೆ ಇದೆ ಸ್ವಾಮಿ ಎಂದು ಮೆಡಿಕಲ್ ಬೋರ್ಡಿಗೆ ತೋರಿಸಬೇಕು. ಸಾಕಾಗಿಹೋಗಿದೆ. ನಾನು ಕೇಳುವುದು ಒಂದೇ: ಇಂಥ ಮಕ್ಕಳಿಗೆ ಒಂದೇ ಸಲಕ್ಕೆ ಶಾಶ್ವತ ಸರ್ಟಿಫಿಕೇಟ್ ಕೊಡಿ.

ಹೋದ ಸಲ ಏನಾಯ್ತು ಕೇಳಿ. ಅಲ್ಲಿ ಇವನು ಹೋಗುವಂಥ ಶೌಚಾಲಯ ಇಲ್ಲ ಅಂತ ಬೆಳಗ್ಗೆಯಿಂದ ನೀರೇ ಕುಡಿದಿರಲಿಲ್ಲ. ಮಧ್ಯಾಹ್ನದ ಮೇಲೆ ಒಳಗೆ ಕರೆದರು. ಡಾಕ್ಟರ್ ಇವನ ಪ್ಯಾಂಟ್ ಮೇಲೆತ್ತಿ ಮೀನಖಂಡ ಅಮುಕಿ ನೋಡಿದರು. "ಒಳ್ಳೇ ಪೈಲ್ವಾನನ ಕಾಲು ಇದ್ದ ಹಾಗಿದೆಯಲ್ಲಮ್ಮ! ಸರಿಯಾಗಿ ಎಕ್ಸರ್‌ಸೈಜ್ ಮಾಡಿಸಿ, ಎದ್ದು ಓಡಾಡ್ತಾನೆ" ಅಂದರು. ಅಲ್ಲಿದ್ದವರು ನಕ್ಕರು. ಮಗ ಬಗ್ಗಿ ಪ್ಯಾಂಟ್ ಕೆಳಗೆ ಎಳೆದುಕೊಳ್ಳಲು ನೋಡಿದ. ಕೈ ಅಲ್ಲಿವರೆಗೆ ಹೋಗಲಿಲ್ಲ. ಕೊನೆಗೆ ನಾನೇ ಎಳೆದೆ. ಸರ್ಟಿಫಿಕೇಟ್ ಕೊಟ್ಟರು, ಅದರಲ್ಲಿ ಮತ್ತೆ ಒಂದು ಕೊನೆ ದಿನಾಂಕ.

ಆ ಕಾಲು ದಪ್ಪ ಇರುವುದು ಕೊಬ್ಬಿನಿಂದ ಮತ್ತು ಗಾಯದ ನಾರಿನಿಂದ. ಬೆಂಗಳೂರಿನ ಡಾಕ್ಟರೊಬ್ಬರು ಚೀಟಿ ಹಿಂದೆ ಚಿತ್ರ ಬರೆದು ನನಗೆ ತಿಳಿಸಿಕೊಟ್ಟಿದ್ದರು. ಇವನ ಮೈಯಲ್ಲಿ ಡಿಸ್ಟ್ರೊಫಿನ್ ಎಂಬ ಪ್ರೋಟೀನ್ ಇಲ್ಲ. ಹಾಗಾಗಿ ಸುಮ್ನೆ ಎದ್ದು ಕೂತರೂ ಸ್ನಾಯುವಿನ ಎಳೆಗಳ ಹೊರಪೊರೆ ಹರಿಯುತ್ತದೆ. ನಮ್ಮ ನಿಮ್ಮ ಸ್ನಾಯುವೂ ಹರಿಯುತ್ತದೆ, ಆದರೆ ವಾಸಿಯಾಗುತ್ತದೆ. ಗಾಯ ಆದಲ್ಲಿಗೆ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ಬರುತ್ತವೆ. ಅಲ್ಲೇ ಇರುವ ಎಫ್‌ಎಪಿ ಎಂಬ ಕೋಶಗಳು ಹೊಸ ಎಳೆ ಬೆಳೆಯುವ ತನಕ ಕೊಲಾಜೆನ್ ನಾರಿನ ಆಸರೆ ಕೊಡುತ್ತವೆ. ಆಮೇಲೆ ಮ್ಯಾಕ್ರೊಫೇಜ್‌ಗಳಿಂದ ಟಿಎನ್‌ಎಫ್ ಎಂಬ ಸಿಗ್ನಲ್ ಬಂದು ಈ ಎಫ್‌ಎಪಿಗಳಲ್ಲಿ ಹೆಚ್ಚಿನವು ಸಾಯುತ್ತವೆ (ಇದು ಇಲಿಗಳಲ್ಲಿ ಕಂಡುಕೊಂಡದ್ದು). ಇವನಿಗೆ ದಿನಾ ಗಾಯ. ಟಿಜಿಎಫ್-ಬೀಟಾ ಎಂಬ ಇನ್ನೊಂದು ಸಿಗ್ನಲ್ ನಿಲ್ಲುವುದೇ ಇಲ್ಲ. ಸಾಯಬೇಕಾದ ಕೋಶಗಳನ್ನು ಅದು ಉಳಿಸಿಕೊಂಡು, ನಾರು ಹೆಣೆಯುತ್ತಲೇ ಇರಿ ಅನ್ನುತ್ತದೆ. ನನ್ನ ಯಜಮಾನರು ಗಾರೆ ಕೆಲಸದವರು. ಇದನ್ನು ಕೇಳಿ, "ತಾರಸಿ ಗಟ್ಟಿಯಾದ ಮೇಲೂ ಸೆಂಟ್ರಿಂಗ್ ಬಿಚ್ಚದೆ, ಮನೆ ತುಂಬ ಕಂಬ ನಿಲ್ಲಿಸ್ತಾ ಹೋದಂಗಾಯ್ತು" ಅಂದರು. ಇಷ್ಟಕ್ಕೇ ಮುಗಿಯಲ್ಲ. ನಾರು ಬಿಗಿಯಾದಷ್ಟೂ ಅದರಲ್ಲಿ ಸಿಕ್ಕಿಕೊಂಡಿದ್ದ ಟಿಜಿಎಫ್-ಬೀಟಾ ಬಿಡುಗಡೆಯಾಗಿ ಇನ್ನಷ್ಟು ನಾರು ಕಟ್ಟುತ್ತದೆ. ಹೃದಯದಲ್ಲೂ ಇದೇ ಕಥೆ.

ಸ್ಟೀರಾಯ್ಡ್ ಇದನ್ನು ನಿಧಾನ ಮಾಡುತ್ತದೆ, ಅಷ್ಟೇ. ನಾರುಗಟ್ಟಿಸುವ ಒಂದು ಸಿಗ್ನಲ್ಲನ್ನೇ ತಡೆಯಲು ತಯಾರಾದ ಪಾಮ್ರೆವ್ಲುಮ್ಯಾಬ್ ಎಂಬ ಮದ್ದು 2023ರಲ್ಲಿ ಕೊನೆ ಹಂತದ ಪರೀಕ್ಷೆಯಲ್ಲಿ ಸೋತಿತು. 2024ರಲ್ಲಿ ಅಮೆರಿಕ ಒಪ್ಪಿದ ಗಿವಿನೋಸ್ಟ್ಯಾಟ್ ಕೂಡ ಕಾಯಿಲೆಯ ವೇಗ ತಗ್ಗಿಸುವ ಮದ್ದೇ. ಕಟ್ಟಿಕೊಂಡ ನಾರನ್ನು ಕರಗಿಸಿ ಸ್ನಾಯು ವಾಪಸ್ ಕೊಡುವ ಮದ್ದು ಪ್ರಪಂಚದಲ್ಲಿ ಎಲ್ಲೂ ಇಲ್ಲ. ನಮ್ಮ ಬೋರ್ಡಿಗೆ ಮಾತ್ರ ಇವನು ಮುಂದಿನ ಸಲಕ್ಕೆ ವಾಸಿಯಾಗಿರಬಹುದು ಎಂಬ ಭರವಸೆ! ಅಂಥ ಮದ್ದೇನಾದರೂ ನಿಮ್ಮ ಇಲಾಖೆಯ ಬೀರುವಿನಲ್ಲಿದ್ದರೆ ದಯವಿಟ್ಟು ಹೊರಗೆ ತೆಗೆಯಿರಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯ ಹೆಸರೇ ಇದೆ. ಆ ಕಾಯ್ದೆಯ 2017ರ ನಿಯಮಗಳೂ ತಮಗೆ ಗೊತ್ತಿರುವವೇ. ಅಂಗವಿಕಲತೆಯ ಪ್ರಮಾಣ ಬದಲಾಗುವ ಸಾಧ್ಯತೆ ಇದ್ದರೆ ಅವಧಿ ಹಾಕಬೇಕಂತೆ. ಬದಲಾಗುತ್ತೆ ಸಾರ್, ಖಂಡಿತ ಬದಲಾಗುತ್ತೆ. ಮೊದಲು ನೆಲದ ಮೇಲೆ ಕೂತು ಊಟ ಮಾಡುತ್ತಿದ್ದ. ಈಗ ತಟ್ಟೆಯನ್ನು ಗದ್ದದ ಹತ್ತಿರಕ್ಕೆ ಎತ್ತರಿಸಿ ಇಡಬೇಕು. ಪರ್ಸೆಂಟ್ ಜಾಸ್ತಿಯಾದರೆ ಅರ್ಜಿ ನಾವೇ ಹಾಕುತ್ತೇವೆ. ಕಡಿಮೆಯಾಗಿದೆಯಾ ಎಂದು ಹುಡುಕಲು ಇವನನ್ನು ಕರೆಸಬೇಡಿ. ಶಾಶ್ವತ ಸರ್ಟಿಫಿಕೇಟ್ ಕೊಡಿ.

ಹೋದ ಸಲ ಅವಧಿ ಮುಗಿದಾಗ ಮಾಸಾಶನವೂ ನಿಂತಿತು. ಸ್ಟೀರಾಯ್ಡ್ ಮಾತ್ರೆಯನ್ನು ತಟಕ್ಕನೆ ನಿಲ್ಲಿಸುವ ಹಾಗಿಲ್ಲ, ಅದು ಅಪಾಯ. ಮೆಡಿಕಲ್ ಶಾಪಿನವರ ಹತ್ತಿರ ಸಾಲ ಹೇಳಿದೆವು. ಅವರು ಕೊಟ್ಟರು. ಯಾವ ದಾಖಲೆಯನ್ನೂ ಕೇಳಲಿಲ್ಲ.

ಮುಂದಿನ ತಿಂಗಳು ಮತ್ತೆ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೂ ಒಂದು ಆದೇಶ ಕಳಿಸಿ: ಡುಷೇನ್ ಇರುವ ಮಕ್ಕಳಿಗೆ ಶಾಶ್ವತ ಸರ್ಟಿಫಿಕೇಟ್. ಇದಾಗಲ್ಲ, ನೋಡಲೇಬೇಕು ಅಂದರೆ ಬೋರ್ಡಿನವರನ್ನೇ ನಮ್ಮ ಮನೆಗೆ ಕಳಿಸಿಕೊಡಿ. ನಮ್ಮೂರಿಗೆ ಬೆಳಗ್ಗೆ ಒಂದು, ಸಂಜೆ ಒಂದು ಬಸ್ ಇದೆ. ಅವರನ್ನು ಯಾರೂ ಎತ್ತಿ ಹತ್ತಿಸಬೇಕಾಗಿಲ್ಲ.

ಇಂತಿ,
ಒಬ್ಬ ತಾಯಿ